ಒಂದು ‘ದಿ’, ಒಂದು ‘ಆ್ಯಂಡ್’, ಒಂದು ಹೈಫನ್

ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ಹೆಣ್ಣುಮಗಳೊಬ್ಬಳು ಕೆಲಸದ ಸಂದರ್ಶನಕ್ಕೆ ಹೋಗಿ ಬಂದಳು. ಬಿ.ಕಾಂ. ಪದವೀಧರೆ. ತಾಯಿ ಬೀಡಿ ಕಟ್ಟುತ್ತಾರೆ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಲೆಕ್ಕಪತ್ರದ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರಿಸಿದಳಂತೆ. ಕೊನೆಯಲ್ಲಿ ಮೇಜಿನ ಆಚೆ ಕುಳಿತಿದ್ದವರು ಅವಳ ಅರ್ಜಿಯನ್ನೇ ಅವಳ ಕಡೆಗೆ ತಿರುಗಿಸಿದರು. ಮೂರು ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ಒಂದು ಕಡೆ ‘ದಿ’ ಬಿಟ್ಟುಹೋಗಿತ್ತು. ಇನ್ನೊಂದು ಕಡೆ ‘ಫಾರ್ ಟೂ ಇಯರ್ಸ್’ ಎಂದಿರಬೇಕಾದಲ್ಲಿ ‘ಸಿನ್ಸ್ ಟೂ ಇಯರ್ಸ್’ ಎಂದಿತ್ತು. ಮತ್ತೊಂದು ಕಡೆ ಒಂದು ಹೈಫನ್ ಇರಲಿಲ್ಲ. “ಇಷ್ಟೂ ಗೊತ್ತಿಲ್ಲದೆ ಡಿಗ್ರಿ ಹೇಗಮ್ಮಾ ಸಿಕ್ಕಿತು?” ಎಂದು ಕೇಳಿ ನಕ್ಕರಂತೆ.

ಕೆಲಸ ಸಿಗಲಿಲ್ಲ. ಅವಳಿಗೆ ಅದಕ್ಕಿಂತ ಹೆಚ್ಚು ನೋವಾದದ್ದು ಆ ನಗೆಯಿಂದ. “ಕೆಲಸ ಕೊಡದಿದ್ದರೆ ಬೇಡ. ಆದರೆ ‘ದಿ’ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ಹದಿನೈದು ವರ್ಷದಲ್ಲಿ ಒಬ್ಬರಾದರೂ ಹೇಳಿಕೊಟ್ಟಿದ್ದರಾ?” ಎಂದು ಅವಳು ನಮ್ಮನ್ನು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಇಂದು ಓದುಗರ ಮುಂದೆ ಇಡುತ್ತಿದ್ದೇವೆ.

ಇಂಗ್ಲಿಷಿನ ಈ ಪುಟ್ಟ ಪದಗಳ ವಿಷಯದಲ್ಲಿ ನಮ್ಮ ನಡುವೆ ಎರಡು ಗುಂಪುಗಳಿವೆ. ಒಂದು, ತಪ್ಪನ್ನು ಕಂಡೊಡನೆ ನಗುವವರ ಗುಂಪು. ಇವರಿಗೆ ವ್ಯಾಕರಣವೆಂದರೆ ಗೇಟಿನ ಬಳಿ ನಿಂತ ಕಾವಲುಗಾರ. ಒಳಗೆ ಬರುವವರನ್ನು ತಡೆಯುವುದೇ ಅವನ ಕೆಲಸ. ಇನ್ನೊಂದು, ‘ಅರ್ಥವಾದರೆ ಸಾಕು, ಎ ಇದ್ದರೇನು, ದಿ ಇದ್ದರೇನು’ ಎನ್ನುವವರ ಗುಂಪು. ಮೇಲ್ನೋಟಕ್ಕೆ ಇವರು ಬಡವರ ಪಕ್ಷಪಾತಿಗಳಂತೆ ಕಾಣುತ್ತಾರೆ. ಆದರೆ ತಮ್ಮ ಮಕ್ಕಳನ್ನು ಮಾತ್ರ ಒಂದು ‘ದಿ’ ಕೂಡ ತಪ್ಪದ ಶಾಲೆಗೇ ಕಳಿಸುತ್ತಾರೆ. ಈ ಎರಡೂ ಗುಂಪುಗಳಿಂದ ಆ ಹುಡುಗಿಗೆ ಅನ್ಯಾಯವಾಗಿದೆ ಎಂಬುದು ನಮ್ಮ ವಾದ.

ಮೊದಲು ಎರಡನೆಯ ಗುಂಪಿನವರಿಗೆ ಉತ್ತರ ಹೇಳೋಣ. ಪುಟ್ಟ ಪದಗಳಿಂದ ಏನೂ ಆಗುವುದಿಲ್ಲವೇ? 1967ರ ಕೊನೆಯ ತಿಂಗಳುಗಳನ್ನು ನೆನಪಿಸಿಕೊಳ್ಳಿ.

ಆ ವರ್ಷದ ಜೂನ್ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಝಾ, ಸಿನಾಯ್ ಮತ್ತು ಗೋಲಾನ್ ಪ್ರದೇಶಗಳನ್ನು ಆಕ್ರಮಿಸಿಕೊಂಡಿತು. ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 242ನೇ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಕರಡನ್ನು ಮಂಡಿಸಿದವರು ಬ್ರಿಟನ್ನಿನ ಪ್ರತಿನಿಧಿ ಲಾರ್ಡ್ ಕ್ಯಾರಡನ್. ಇತ್ತೀಚಿನ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿ ಸೇನೆ ಹಿಂದೆ ಸರಿಯಬೇಕು ಎಂದು ಅದರಲ್ಲಿದೆ. ಆದರೆ ಇಂಗ್ಲಿಷ್ ಪಾಠದಲ್ಲಿರುವುದು ‘ಫ್ರಮ್ ಟೆರಿಟರೀಸ್’. ‘ಫ್ರಮ್ ದಿ ಟೆರಿಟರೀಸ್’ ಅಲ್ಲ. ಆ ಒಂದು ‘ದಿ’ ಇಲ್ಲದ ಕಾರಣಕ್ಕೆ, ‘ಎಲ್ಲ ಪ್ರದೇಶಗಳಿಂದ ಎಂದು ಹೇಳಿಲ್ಲ, ಕೆಲವು ಪ್ರದೇಶಗಳಿಂದ ಸರಿದರೂ ಸಾಕು’ ಎಂದು ಇಸ್ರೇಲ್ ಮತ್ತು ಅದರ ಬೆಂಬಲಿಗರು ವಾದಿಸುತ್ತ ಬಂದರು. ಅದೇ ನಿರ್ಣಯದ ಫ್ರೆಂಚ್ ಪಾಠದಲ್ಲಿ ‘ದೇ ತೆರಿತ್ವಾರ್’ ಎಂದಿದೆ. ಅಲ್ಲಿನ ‘ದೇ’ಯನ್ನು ‘ಆ ಪ್ರದೇಶಗಳಿಂದ’ ಎಂದೇ ಓದಬಹುದು. ನಿರ್ಣಯದ ಪೀಠಿಕೆಯಲ್ಲಿ ಯುದ್ಧದ ಮೂಲಕ ಭೂಮಿ ಗಳಿಸುವುದು ಒಪ್ಪತಕ್ಕದ್ದಲ್ಲ ಎಂಬ ಮಾತೂ ಇದೆ. ಅರಬ್ ರಾಷ್ಟ್ರಗಳು ಇವೆರಡನ್ನೂ ಎತ್ತಿ ತೋರಿಸಿದವು. ಈ ಜಗಳಕ್ಕೆ ಈಗ ಅರ್ಧ ಶತಮಾನ ದಾಟಿದೆ.

ಒಂದು ‘ದಿ’ ಇದ್ದುಬಿಟ್ಟಿದ್ದರೆ ಪ್ಯಾಲೆಸ್ತೀನ್ ಬಿಡುಗಡೆಯಾಗುತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಆಕ್ರಮಣ ಉಳಿದಿರುವುದು ಬಂದೂಕಿನ ಬಲದಿಂದ, ವ್ಯಾಕರಣದ ಬಲದಿಂದಲ್ಲ. ಆದರೆ ಬಲಶಾಲಿಗಳು ಆ ಪುಟ್ಟ ಪದವನ್ನು ಮರೆತು ಬಿಟ್ಟದ್ದಲ್ಲ, ತಿಳಿದೇ ಹೊರಗಿಟ್ಟರು. ಅದನ್ನು ಬೇಕೆಂದೇ ಸೇರಿಸಲಿಲ್ಲ ಎಂದು ಕರಡಿನ ಹಿಂದಿದ್ದ ರಾಜತಾಂತ್ರಿಕರೇ ಮುಂದೆ ಹೇಳಿಕೊಂಡರು. ಪುಟ್ಟ ಪದದ ಬೆಲೆ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿರುವುದು ನಮಗೆ.

ಈ ನಿರ್ಣಯಕ್ಕೆ ಸುಮಾರು ಒಂದು ತಿಂಗಳ ಮೊದಲು, 1967ರ ಅಕ್ಟೋಬರ್ 20ರಂದು, ನಮ್ಮ ಸುಪ್ರೀಂ ಕೋರ್ಟಿನಲ್ಲಿ ಇನ್ನೊಂದು ಪುಟ್ಟ ಪದದ ತೀರ್ಮಾನವಾಯಿತು. ಅದು ಅಜೀಜ್ ಬಾಷಾ ಪ್ರಕರಣ. ಸಂವಿಧಾನದ 30(1)ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ‘ಎಸ್ಟಾಬ್ಲಿಷ್ ಆ್ಯಂಡ್ ಅಡ್ಮಿನಿಸ್ಟರ್’ ಮಾಡುವ, ಅಂದರೆ ಸ್ಥಾಪಿಸುವ ಮತ್ತು ನಡೆಸುವ ಹಕ್ಕನ್ನು ಕೊಟ್ಟಿದೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಆಡಳಿತದಲ್ಲಿ ಸರಕಾರ ತಂದ ಬದಲಾವಣೆಗಳನ್ನು ಅರ್ಜಿದಾರರು ಪ್ರಶ್ನಿಸಿದ್ದರು. ಅವರ ವಾದಗಳಲ್ಲಿ ಒಂದು ಈ ‘ಆ್ಯಂಡ್’ ಕುರಿತಾದದ್ದು: ಸ್ಥಾಪಿಸುವ ಹಕ್ಕು ಬೇರೆ, ನಡೆಸುವ ಹಕ್ಕು ಬೇರೆ, ಎರಡನ್ನೂ ಬಿಡಿಸಿ ಓದಬೇಕು ಎಂದು. ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಲಿಲ್ಲ. ಎರಡನ್ನೂ ಕೂಡಿಸಿಯೇ ಓದಬೇಕು, ಸ್ಥಾಪಿಸಿದವರಿಗೆ ಮಾತ್ರ ನಡೆಸುವ ಹಕ್ಕು ಎಂದಿತು. ವಿಶ್ವವಿದ್ಯಾಲಯ ಹುಟ್ಟಿದ್ದು 1920ರ ಕಾಯ್ದೆಯಿಂದ, ಆದ್ದರಿಂದ ಅದನ್ನು ಮುಸ್ಲಿಮರು ಸ್ಥಾಪಿಸಿದರೆನ್ನಲಾಗದು ಎಂದೂ ಹೇಳಿತು. ಸರ್ ಸೈಯದ್ ಅಹ್ಮದ್ ಖಾನರು ಊರೂರು ಅಲೆದು ಚಂದಾ ಎತ್ತಿ ಕಟ್ಟಿದ ಮೊಹಮ್ಮಡನ್ ಆಂಗ್ಲೋ-ಓರಿಯಂಟಲ್ ಕಾಲೇಜಿನ ಚರಿತ್ರೆ ಆ ‘ಆ್ಯಂಡ್’ನ ಮುಂದೆ ನಿಲ್ಲಲಿಲ್ಲ.

1981ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 2006ರಲ್ಲಿ ಅಲಹಾಬಾದ್ ಹೈಕೋರ್ಟಿನ ವಿಭಾಗೀಯ ಪೀಠ ಮತ್ತೆ ವಿರುದ್ಧ ತೀರ್ಪು ಕೊಟ್ಟಿತು. ಕೊನೆಗೆ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಅಜೀಜ್ ಬಾಷಾ ತೀರ್ಪಿನ ತಿರುಳನ್ನು ರದ್ದುಪಡಿಸಿತು. ಕಾಯ್ದೆಯ ಮೂಲಕ ರೂಪುಗೊಂಡಿತೆಂಬ ಒಂದೇ ಕಾರಣಕ್ಕೆ ಸಂಸ್ಥೆ ಅಲ್ಪಸಂಖ್ಯಾತ ಸ್ವರೂಪ ಕಳೆದುಕೊಳ್ಳುವುದಿಲ್ಲ ಎಂದಿತು. ಅಲಿಗಢ ಅಲ್ಪಸಂಖ್ಯಾತ ಸಂಸ್ಥೆ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಬೇರೊಂದು ಪೀಠಕ್ಕೆ ಬಿಟ್ಟಿತು. ಈ ಐವತ್ತೇಳು ವರ್ಷಗಳ ವಾದ-ವಿವಾದವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿ ಅರ್ಥ ಮಾಡಿಕೊಂಡಿದ್ದೇವೆ? ನಮ್ಮ ಹಕ್ಕು ಯಾವ ಪದದ ಮೇಲೆ ನಿಂತಿದೆ ಎಂದು ತಿಳಿಯಬೇಕಾದರೆ ಆ ಪದ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು.

ಇದೆಲ್ಲ ದೊಡ್ಡವರ ವಿಷಯವಾಯಿತು ಎನ್ನುವವರು ತಮ್ಮ ಮನೆಯ ಕಾಗದಗಳನ್ನೇ ನೋಡಲಿ. ಗಲ್ಫಿಗೆ ಹೊರಟ ಹುಡುಗನಿಗೆ ಹಳೆಯ ಮಾಲೀಕ ಕೊಟ್ಟ ಪತ್ರದಲ್ಲಿ ‘ಎ ಲಿಟಲ್ ಎಕ್ಸ್‌ಪೀರಿಯನ್ಸ್’ ಎಂದಿದ್ದರೆ ಸ್ವಲ್ಪ ಅನುಭವ ಇದೆ ಎಂದರ್ಥ. ಆ ‘ಎ’ ಬಿದ್ದುಹೋಗಿ ‘ಲಿಟಲ್ ಎಕ್ಸ್‌ಪೀರಿಯನ್ಸ್’ ಎಂದಾದರೆ ಅನುಭವ ಇಲ್ಲವೆಂದೇ ಅರ್ಥ. ಒಂದೇ ಅಕ್ಷರ, ಆದರೆ ಹುಡುಗನ ಹೊಟ್ಟೆಪಾಡು. ಹೈಫನ್ನಿನದೂ ಇದೇ ಕಥೆ. ‘ರಿಸೈನ್’ ಎಂದರೆ ರಾಜೀನಾಮೆ ಕೊಡುವುದು. ‘ರಿ’ ಮತ್ತು ‘ಸೈನ್’ ನಡುವೆ ಹೈಫನ್ ಇಟ್ಟರೆ ಕರಾರಿಗೆ ಮತ್ತೆ ಸಹಿ ಹಾಕುವುದು. ಕರಾರಿನಲ್ಲಿ ‘ಟ್ವೆಂಟಿ ಫೋರ್-ಅವರ್ ಶಿಫ್ಟ್ಸ್’ ಎಂದಿದ್ದರೆ ನಾಲ್ಕು ಗಂಟೆಯ ಇಪ್ಪತ್ತು ಪಾಳಿ. ‘ಟ್ವೆಂಟಿ-ಫೋರ್-ಅವರ್ ಶಿಫ್ಟ್ಸ್’ ಎಂದಿದ್ದರೆ ಒಂದೊಂದು ಪಾಳಿಯೂ ಇಡೀ ದಿನದ್ದು. ಓದದೆ ಸಹಿ ಹಾಕಿದವನು ಯಾರ ಬಳಿ ದೂರು ಹೇಳಬೇಕು?

ಇನ್ನು ನಗುವವರ ಕಡೆಗೆ ಬರೋಣ.

‘ಸಿನ್ಸ್ ಟೂ ಇಯರ್ಸ್’ ಎಂದು ಬರೆದ ಹುಡುಗಿ ದಡ್ಡಿಯಲ್ಲ. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’, ‘ಸೋಮವಾರದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬ ಎರಡು ವಾಕ್ಯಗಳಲ್ಲೂ ಕನ್ನಡಕ್ಕೆ ‘ಇಂದ’ ಒಂದೇ ಸಾಕು. ಇಂಗ್ಲಿಷ್ ಅದನ್ನು ಎರಡು ಮಾಡುತ್ತದೆ. ಎಷ್ಟು ಕಾಲ ಎಂದು ಅಳೆಯುವಾಗ ‘ಫಾರ್’, ಯಾವಾಗ ಶುರು ಎಂದು ಹೇಳುವಾಗ ‘ಸಿನ್ಸ್’. ‘ಅವನ ಮೇಲೆ ಸಿಟ್ಟು’ ಎನ್ನುವ ನಾವು ‘ಆ್ಯಂಗ್ರಿ ಆನ್ ಹಿಮ್’ ಎನ್ನುತ್ತೇವೆ, ಅವರು ‘ವಿತ್ ಹಿಮ್’ ಎನ್ನುತ್ತಾರೆ. ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುವ ನಾವು ‘ಡಿಸ್ಕಸ್’ ಪಕ್ಕದಲ್ಲಿ ‘ಅಬೌಟ್’ ಇಡುತ್ತೇವೆ, ಅವರು ಇಡುವುದಿಲ್ಲ. ‘ಅವನ ಜೊತೆ ಮದುವೆಯಾಯಿತು’ ಎಂಬುದು ನಮ್ಮ ಬಾಯಲ್ಲಿ ‘ಮ್ಯಾರೀಡ್ ವಿತ್’ ಆಗುತ್ತದೆ, ಅವರದು ‘ಮ್ಯಾರೀಡ್ ಟು’. ಇವು ಅಜ್ಞಾನದ ತಪ್ಪುಗಳಲ್ಲ. ಒಂದು ಭಾಷೆಯ ಶಿಸ್ತನ್ನು ಇನ್ನೊಂದಕ್ಕೆ ಪ್ರಾಮಾಣಿಕವಾಗಿ ಒಯ್ದದ್ದರ ಫಲ. ತಿದ್ದಬೇಕು, ನಿಜ. ನಗಬೇಕಾದ್ದು ಏನಿದೆ?

ಅಷ್ಟಕ್ಕೂ ಇಂಗ್ಲಿಷಿನವರೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆಯೇ? ಕಾಯಿಲೆಯಾಗಿ ಮಲಗಿದವನು ಬ್ರಿಟನ್ನಿನಲ್ಲಿ ‘ಇನ್ ಹಾಸ್ಪಿಟಲ್’, ಅಮೆರಿಕದಲ್ಲಿ ‘ಇನ್ ದಿ ಹಾಸ್ಪಿಟಲ್’. ವಾರದ ಕೊನೆಗೆ ಒಬ್ಬರು ‘ಆ್ಯಟ್’ ಎಂದರೆ ಇನ್ನೊಬ್ಬರು ‘ಆನ್’ ಎನ್ನುತ್ತಾರೆ. ‘ಡಿಫರೆಂಟ್’ ಆದ ಮೇಲೆ ‘ಫ್ರಮ್’ ಬರಬೇಕೋ ‘ಟು’ ಬರಬೇಕೋ ‘ದ್ಯಾನ್’ ಬರಬೇಕೋ ಎಂದು ಅವರೇ ಕಿತ್ತಾಡುತ್ತಾರೆ. ಚರ್ಚಿಗೆ ಹೋಗುವುದು ಇಂಗ್ಲಿಷಿನಲ್ಲಿ ‘ಟು ಚರ್ಚ್’. ಮಸೀದಿಗೆ ಹೋಗುವುದು ಸಾಮಾನ್ಯವಾಗಿ ‘ಟು ದಿ ಮಾಸ್ಕ್’. ಚರ್ಚು, ಶಾಲೆ, ಮನೆಯ ಹಾಸಿಗೆ ಅವರ ದಿನಬಳಕೆಗೆ ಒಗ್ಗಿಹೋಗಿ ‘ದಿ’ ಕಳಚಿಕೊಂಡವು. ಮಸೀದಿ ಅಷ್ಟು ಒಗ್ಗಿರಲಿಲ್ಲ. ವ್ಯಾಕರಣವೂ ಆ ಜನರ ಬದುಕಿನಿಂದಲೇ ಹುಟ್ಟಿದ್ದು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಹೈಫನ್ ವಿಷಯದಲ್ಲಂತೂ ಕೇಳುವುದೇ ಬೇಡ. ‘ಶಾರ್ಟರ್ ಆಕ್ಸ್‌ಫರ್ಡ್’ ನಿಘಂಟಿನ 2007ರ ಆವೃತ್ತಿ ಸುಮಾರು 16,000 ಪದಗಳಿಂದ ಹೈಫನ್ ಕಿತ್ತುಹಾಕಿತು. ‘ಐಸ್ ಕ್ರೀಮ್’ ಎರಡು ಪದವಾಯಿತು, ‘ಕ್ರೈಬೇಬಿ’ ಒಂದು ಪದವಾಯಿತು. 2006ರಲ್ಲಿ ಹೈಫನ್ ಹಾಕಿ ಬರೆದು ಅಂಕ ಪಡೆದ ವಿದ್ಯಾರ್ಥಿ 2007ರಲ್ಲಿ ಅದನ್ನೇ ಬರೆದು ಅಂಕ ಕಳೆದುಕೊಳ್ಳಬಹುದಿತ್ತು. ನಿಘಂಟು ಮಾಡುವವರೇ ಹೀಗೆ ಮನಸ್ಸು ಬದಲಿಸುತ್ತಿರುವಾಗ, ಅರ್ಜಿಯಲ್ಲಿ ಬಿಟ್ಟುಹೋದ ಒಂದು ಹೈಫನ್ನಿಗೆ ಕೆಂಪು ಸುತ್ತು ಹಾಕಿ ನಗುವುದು ವಿದ್ವತ್ತಲ್ಲ. ಕಲಿತವನ ದರ್ಪ ಅಷ್ಟೆ.

ಹಾಗಾದರೆ ಮಾಡಬೇಕಾದ್ದೇನು? ಕಲಿಸಬೇಕು. ಅದೂ ನಮ್ಮ ಭಾಷೆಗಳ ಮೂಲಕವೇ ಕಲಿಸಬೇಕು. ಇಲ್ಲಿಯೇ ನಮ್ಮ ಶಾಲೆಗಳು ಸೋತಿರುವುದು.

‘ಎ’ ಮತ್ತು ‘ಆ್ಯನ್’ ತೆಗೆದುಕೊಳ್ಳಿ. ಎ, ಇ, ಐ, ಓ, ಯು ಅಕ್ಷರಗಳ ಮುಂದೆ ‘ಆ್ಯನ್’ ಬರುತ್ತದೆ ಎಂದು ಉರುಹೊಡೆಸುತ್ತಾರೆ. ಮಗು ‘ಆ್ಯನ್ ಯುನಿವರ್ಸಿಟಿ’, ‘ಎ ಅವರ್’ ಎಂದು ಬರೆದು ಪೆಟ್ಟು ತಿನ್ನುತ್ತದೆ. ನಿಯಮವಿರುವುದು ಅಕ್ಷರದ ಮೇಲಲ್ಲ, ಉಚ್ಚಾರದ ಮೇಲೆ. ಅದನ್ನು ತೋರಿಸಲು ಕನ್ನಡ ಲಿಪಿಗಿಂತ ಒಳ್ಳೆಯ ಸಾಧನ ಬೇಕೇ? ಆ ಪದವನ್ನು ಕನ್ನಡದಲ್ಲಿ ಬರೆಯಲು ಹೇಳಿ. ‘ಯುನಿವರ್ಸಿಟಿ’ ಶುರುವಾಗುವುದು ‘ಯ’ಕಾರದಿಂದ, ಅದು ವ್ಯಂಜನ, ಆದ್ದರಿಂದ ‘ಎ’. ‘ಅವರ್’ ಶುರುವಾಗುವುದು ‘ಅ’ದಿಂದ, ಅದು ಸ್ವರ, ಆದ್ದರಿಂದ ‘ಆ್ಯನ್’. ‘ಎಮ್ಮೆಲ್ಲೆ’, ‘ಎಸ್ಸೆಸ್ಸೆಲ್ಸಿ’ ಎರಡರಲ್ಲೂ ಮೊದಲು ಸ್ವರ, ಎರಡಕ್ಕೂ ‘ಆ್ಯನ್’. ‘ವನ್ ರುಪೀ’ ನಾಣ್ಯದಲ್ಲಿ ಮೊದಲು ‘ವ’, ಆದ್ದರಿಂದ ‘ಎ’. ಸ್ವರ-ವ್ಯಂಜನಗಳ ಭೇದವನ್ನು ಒಂದನೇ ತರಗತಿಯಲ್ಲೇ ಕಲಿತ ಕನ್ನಡದ ಮಗುವಿಗೆ ಇದು ಐದು ನಿಮಿಷದ ಪಾಠ.

‘ದಿ’ ಸ್ವಲ್ಪ ಕಷ್ಟ. ಕನ್ನಡದಲ್ಲಿ ಅಂಥ ಪದವಿಲ್ಲ. ಆದರೆ ಆ ತಿಳಿವಳಿಕೆ ಇಲ್ಲವೇ? ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಕೇಳುವವನಿಗೂ ಗೊತ್ತಿರುವ ಪುಸ್ತಕ. ಅನೇಕ ಸಲ ನಮ್ಮ ‘ಅನ್ನು’ ಪ್ರತ್ಯಯ ಮಾಡುವ ಕೆಲಸವನ್ನೇ ಅಲ್ಲಿ ‘ದಿ’ ಮಾಡುತ್ತದೆ. ಮದ್ರಸಕ್ಕೆ ಹೋಗುವ ಮಕ್ಕಳಿಗೆ ಇದು ಇನ್ನೂ ಸುಲಭ. ‘ಕಿತಾಬುನ್’ ಎಂದರೆ ಒಂದು ಪುಸ್ತಕ, ‘ಅಲ್‌ಕಿತಾಬು’ ಎಂದರೆ ಆ ಪುಸ್ತಕ. ಅರಬಿಯ ‘ಅಲ್’ ಇಂಗ್ಲಿಷಿನ ‘ದಿ’ಗೆ ಹತ್ತಿರದ ನೆಂಟ. ಎಲ್ಲ ಕಡೆಯೂ ಒಂದೇ ಅಲ್ಲ. ಜೀವನ, ಸತ್ಯ, ನ್ಯಾಯ ಎಂಬ ಸಾಮಾನ್ಯ ಭಾವಗಳಿಗೆ ಅರಬಿ ‘ಅಲ್’ ಸೇರಿಸುತ್ತದೆ, ಇಂಗ್ಲಿಷ್ ‘ದಿ’ ಸೇರಿಸುವುದಿಲ್ಲ. ಆ ವ್ಯತ್ಯಾಸವನ್ನೂ ಹೇಳಿಕೊಟ್ಟರಾಯಿತು. ಬೆಳಿಗ್ಗೆ ಮದ್ರಸದಲ್ಲಿ ಕಲಿತದ್ದು ಹತ್ತು ಗಂಟೆಗೆ ಶಾಲೆಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಈ ತನಕ ಎಷ್ಟು ಉಸ್ತಾದರು, ಎಷ್ಟು ಟೀಚರುಗಳು ಒಟ್ಟಿಗೆ ಕುಳಿತು ಯೋಚಿಸಿದ್ದಾರೆ?

ಹೈಫನ್ನಿಗೂ ಒಂದು ಸರಳ ಸೂತ್ರವಿದೆ. ಎರಡು ಪದಗಳು ಸೇರಿ ಒಂದಾಗಿ ಮುಂದಿನ ನಾಮಪದವನ್ನು ಬಣ್ಣಿಸುತ್ತಿದ್ದರೆ ನಡುವೆ ಹೈಫನ್: ‘ಎ ಟೆನ್-ಇಯರ್-ಓಲ್ಡ್ ಬಾಯ್’. ನಾಮಪದದ ನಂತರ ಬಂದರೆ ಬೇಡ: ‘ದಿ ಬಾಯ್ ಈಸ್ ಟೆನ್ ಇಯರ್ಸ್ ಓಲ್ಡ್’. ಕನ್ನಡದ ಸಮಾಸ ಗೊತ್ತಿರುವವರಿಗೆ ಇದು ಹೊಸತಲ್ಲ.

ಆದರೆ ನಮ್ಮ ಊರುಗಳಲ್ಲಿ ನಡೆಯುತ್ತಿರುವುದೇನು? ಬಸ್ ನಿಲ್ದಾಣದ ಎದುರು ‘ಮೂವತ್ತೇ ದಿನಗಳಲ್ಲಿ ಇಂಗ್ಲಿಷ್’ ಬೋರ್ಡು. ಒಳಗೆ ಹೋದರೆ ‘ಬೇಸಿಕಲಿ’, ‘ಆ್ಯಕ್ಚುಯಲಿ’ ಎನ್ನುವುದನ್ನು ಕಲಿಸಿ ಸಾವಿರಗಟ್ಟಲೆ ಫೀಸು ಕೀಳುತ್ತಾರೆ. ನಮ್ಮ ಸಮುದಾಯದ ಸಿರಿವಂತರು ಕಟ್ಟಿದ ಶಾಲೆಗಳೂ ಇದಕ್ಕೆ ಹೊರತಲ್ಲ. ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದೆ, ಟೈ ಇದೆ, ಬೂಟು ಇದೆ, ಕನ್ನಡ ಮಾತಾಡಿದರೆ ದಂಡವೂ ಇದೆ. ವ್ಯಾಕರಣ ಕಲಿಸಲು ತರಬೇತಿ ಪಡೆದ ಶಿಕ್ಷಕಿ ಇಲ್ಲ. ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಯಿತು. ಪುಸ್ತಕ ಬಂತು. ಅದನ್ನು ಕನ್ನಡದ ಜೊತೆ ಹೋಲಿಸಿ ಕಲಿಸುವ ವಿಧಾನ ಮಾತ್ರ ಬರಲಿಲ್ಲ. ಕನ್ನಡವನ್ನು ಹೊರಗೆ ನಿಲ್ಲಿಸಿ ಇಂಗ್ಲಿಷ್ ಕಲಿಸಲು ಹೊರಟವರು ಎರಡನ್ನೂ ಕಲಿಸಲಿಲ್ಲ.

ಕೊನೆಯದಾಗಿ ನಮ್ಮ ಹೆಸರುಗಳ ಬಗ್ಗೆ ಒಂದು ಮಾತು. ‘ಅಬ್ದುಲ್ ರಹಮಾನ್’ ಎಂಬ ಹೆಸರನ್ನು ಅರ್ಜಿಯ ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂಬ ಎರಡು ಖಾನೆಗಳಲ್ಲಿ ಸೀಳಿ ಹಾಕುತ್ತೇವೆ. ‘ಅಬ್ದ್’ ಎಂದರೆ ದಾಸ. ‘ಉಲ್’ನಲ್ಲಿರುವುದು ಅದೇ ‘ಅಲ್’, ಅರಬಿಯ ‘ದಿ’. ರಹಮಾನ್ ಅಲ್ಲಾಹನ ಗುಣನಾಮ. ಮೂರೂ ಸೇರಿದರೆ ಒಂದು ಹೆಸರು. ಕಚೇರಿಯಲ್ಲಿ ‘ಮಿಸ್ಟರ್ ಅಬ್ದುಲ್’ ಎಂದು ಕೂಗಿದರೆ ದಾಸ ಎಂದಷ್ಟೇ ಕೂಗಿದಂತೆ, ಯಾರ ದಾಸ ಎಂಬುದೇ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ‘ಅಬ್ದುಲ್ ರಹಿಮಾನ್’, ಆಧಾರಿನಲ್ಲಿ ‘ಅಬ್ದುಲ್‌ರಹಮಾನ್’, ಪಾಸ್‌ಪೋರ್ಟಿನಲ್ಲಿ ‘ಅಬ್ದುರ್ ರಹಮಾನ್’. ಒಬ್ಬನೇ ಮನುಷ್ಯ, ಕಾಗದದಲ್ಲಿ ಮೂವರು. ಹೈಫನ್ ಹಾಕಿ ಜೋಡಿಸಿದರೂ ಯಂತ್ರ ಓದುವ ಪಾಸ್‌ಪೋರ್ಟ್ ಸಾಲಿನಲ್ಲಿ ಅದು ಉಳಿಯುವುದಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಅದು ಬರಿಯ ಜಾಗ ತುಂಬುವ ಚಿಹ್ನೆಯಾಗುತ್ತದೆ.

ಇದು ತಮಾಷೆಯ ವಿಷಯವಲ್ಲ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಎನ್‌ಆರ್‌ಸಿ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೆಸರಿನ ಕಾಗುಣಿತ ಬದಲಾದದ್ದು ಅಲ್ಲಿನ ಬಡವರನ್ನು ಕಾಡಿದ ತೊಡಕುಗಳಲ್ಲಿ ಒಂದು. ಹಿಂದೂಗಳೂ ಮುಸ್ಲಿಮರೂ ಅದಕ್ಕೆ ಸಿಕ್ಕಿಬಿದ್ದರು. ಅಕ್ಷರ ತಪ್ಪಾದದ್ದು ಗುಮಾಸ್ತನ ಕೈಯಲ್ಲಿ, ಅಲೆದಾಡಿದವನು ಕೂಲಿಕಾರ.

ಜನರನ್ನು ಅನುಮಾನಿಸಲು ಹೈಫನ್ ಎಂಬ ಪದವನ್ನೇ ಬೈಗುಳವಾಗಿ ಬಳಸಿದ ಚರಿತ್ರೆಯೂ ಇದೆ. 1915ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನ್ಯೂಯಾರ್ಕಿನ ಭಾಷಣವೊಂದರಲ್ಲಿ, ಜರ್ಮನ್-ಅಮೆರಿಕನ್, ಐರಿಷ್-ಅಮೆರಿಕನ್ ಎಂದು ಹೈಫನ್ ಇಟ್ಟುಕೊಂಡವರಿಗೆ ತಮ್ಮ ದೇಶದಲ್ಲಿ ಜಾಗವಿಲ್ಲ ಎಂಬರ್ಥದಲ್ಲಿ ಗುಡುಗಿದ್ದರು. ನಮ್ಮಲ್ಲೂ ‘ಮೊದಲು ಭಾರತೀಯನೋ, ಮೊದಲು ಮುಸ್ಲಿಮನೋ’ ಎಂದು ಕೇಳುವವರಿಗೆ ಕಡಿಮೆಯಿಲ್ಲ. ಹೈಫನ್ ಇರುವುದು ಎರಡು ಪದಗಳನ್ನು ಕೂಡಿಸಲು, ಒಂದನ್ನು ಇನ್ನೊಂದರಿಂದ ಕಳೆಯಲು ಅಲ್ಲ. ನಮ್ಮ ಸಂವಿಧಾನವೇ ‘ಆಂಗ್ಲೋ-ಇಂಡಿಯನ್’ ಎಂಬ ಪದವನ್ನು ಹೈಫನ್ನಿನೊಂದಿಗೆ ಬರೆದು ವ್ಯಾಖ್ಯಾನಿಸಿದೆ. ಅದರಿಂದ ಆ ಜನ ಅರ್ಧ ಭಾರತೀಯರಾಗಲಿಲ್ಲ.

ನಾವು ಕೇಳುವುದು ಇಷ್ಟು. ಶಾಲೆ ನಡೆಸುವವರು ಟೈ-ಬೂಟಿಗೆ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ವ್ಯಾಕರಣ ಬಲ್ಲ ಶಿಕ್ಷಕರಿಗಾಗಿ ಮೀಸಲಿಡಲಿ. ವಾರಕ್ಕೆ ಒಂದು ಪೀರಿಯಡ್ ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟು ಕಲಿಸಲಿ. ಜಮಾಅತ್ ಕಮಿಟಿಗಳು ಮಗು ಹುಟ್ಟಿದಾಗಲೇ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದನ್ನು ನಿಗದಿ ಮಾಡಿ, ಎಲ್ಲ ದಾಖಲೆಗಳಲ್ಲೂ ಅದನ್ನೇ ಬರೆಸಲು ಹೆತ್ತವರಿಗೆ ನೆರವಾಗಲಿ. ಕೆಲಸ ಕೊಡುವವರು ತಪ್ಪಿಗೆ ಸುತ್ತು ಹಾಕಲಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಸರಿಯಾದ ರೂಪವನ್ನೂ ಬರೆದು ಕಳಿಸಲಿ.

ಆ ಹುಡುಗಿ ಈಗ ವಾರಕ್ಕೆ ಎರಡು ಸಂಜೆ ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗುತ್ತಿದ್ದಾಳೆ. ಜೊತೆಗೆ ಅಕ್ಕಪಕ್ಕದ ನಾಲ್ಕು ಹುಡುಗಿಯರನ್ನೂ ಕರೆದೊಯ್ಯುತ್ತಾಳೆ. ಮೇಷ್ಟ್ರು ಫೀಸು ತೆಗೆದುಕೊಳ್ಳುವುದಿಲ್ಲ, ನಗುವುದೂ ಇಲ್ಲ. ಇಂಥ ಮೇಷ್ಟ್ರು ನಿಮ್ಮ ಊರಿನಲ್ಲೂ ಇರಬಹುದು. ಅವರ ಮನೆಯ ಬಾಗಿಲು ತಟ್ಟಿ.